ಅವಸರದವರ ವಿಮಾನ

ದೊಡ್ಡ ವಿಮಾನ ಸಂಸ್ಥೆಗಳಲ್ಲಿ ಕೆಲಸ ಮಾಡುವ ನನ್ನ ಗೆಳತಿಯರಿಗೆ ಮುಂದಿನ ತಿಂಗಳು ಯಾವ ದಿನ ಯಾವ ಊರಲ್ಲಿರುತ್ತೇವೆ ಎಂಬುದು ಈ ತಿಂಗಳೇ ಗೊತ್ತಿರುತ್ತದೆ. ಚಾರ್ಟರ್ ವಿಮಾನದ ಫಸ್ಟ್ ಆಫೀಸರ್ ಆದ ನನಗೆ ನಾಳೆಯದು ಇವತ್ತು ಸಂಜೆಗೆ ತಿಳಿದರೆ ಅದೇ ಹೆಚ್ಚು. ಡಿಸೆಂಬರಿನ ಒಂದು ರಾತ್ರಿ ಊಟಕ್ಕೆ ಕೂತಾಗ ಫೋನ್ ಬಂತು: ಬೆಳಿಗ್ಗೆ ಏಳಕ್ಕೆ ಬೆಂಗಳೂರಿನ ಎಚ್‌ಎಎಲ್‌ನಿಂದ ತೋರಣಗಲ್ಲಿನ ವಿದ್ಯಾನಗರಕ್ಕೆ, ಆರು ಜನ, ಸಂಜೆ ವಾಪಸ್ಸು. ಅಪ್ಪ ತಟ್ಟೆಯಿಂದ ತಲೆ ಎತ್ತದೆ ಕೇಳಿದರು, "ಯಾರ ಕಡೆಯವರಮ್ಮ?" ಪೀಣ್ಯದವರೇ, ಒಂದು ಕಾರ್ಖಾನೆಯ ಮಾಲೀಕರು ಮತ್ತು ಅವರ ಎಂಜಿನಿಯರುಗಳು ಎಂದೆ. ಅಪ್ಪನಿಗೆ ಖುಷಿಯಾಯಿತು. ತನ್ನ ಪೇಟೆಯವರು ತನ್ನ ಮಗಳ ವಿಮಾನ ಹತ್ತುತ್ತಾರೆಂದು.

ನಮ್ಮ ಮನೆ ದಾಸರಹಳ್ಳಿಯಲ್ಲಿ. ತುಮಕೂರು ರಸ್ತೆಗೆ ಬಂದು ಮೆಟ್ರೋ ಕಂಬಗಳ ಪಕ್ಕ ಸ್ವಲ್ಪ ನಡೆದರೆ ಪೀಣ್ಯದ ಷೆಡ್ಡುಗಳು ಶುರುವಾಗುತ್ತವೆ. 1970ರ ದಶಕದಲ್ಲಿ ಬೆಳೆಯಲು ತೊಡಗಿದ ಈ ಕೈಗಾರಿಕಾ ಪ್ರದೇಶ ಸಣ್ಣ ಕಾರ್ಖಾನೆಗಳ ಲೆಕ್ಕದಲ್ಲಿ ಏಷ್ಯಾದ ದೊಡ್ಡವುಗಳಲ್ಲಿ ಒಂದು. ಹೊರಗಿನಿಂದ ನೋಡಿದರೆ ಧೂಳು, ಕೂಲೆಂಟ್ ಎಣ್ಣೆಯ ವಾಸನೆ, ಗೇಟಿಗೆ ಅಡ್ಡ ನಿಂತ ಲಾರಿಗಳು. ಒಳಗೆ ಕೂದಲೆಳೆಗಿಂತ ತೆಳುವಾದ ಅಳತೆಯ ಕೆಲಸ ನಡೆಯುತ್ತಿರುತ್ತದೆ. ಏರ್‌ಬಸ್ ಎ320 ವಿಮಾನದ ರೆಕ್ಕೆಯಲ್ಲಿ ಫ್ಲ್ಯಾಪ್‌ಗಳನ್ನು ಹೊರುವ ಟ್ರ್ಯಾಕ್ ಬೀಮ್‌ಗಳನ್ನು ಮಾಡಿಕೊಡುವ ಡೈನಮ್ಯಾಟಿಕ್ ಟೆಕ್ನಾಲಜೀಸ್ ಇದೇ ಪೀಣ್ಯದ ಕಂಪನಿ. ಅಪ್ಪ ಅಷ್ಟು ದೊಡ್ಡ ಕಡೆ ಇರಲಿಲ್ಲ. ಎರಡನೇ ಹಂತದ ಒಂದು ಷೆಡ್ಡಿನಲ್ಲಿ ಟರ್ನರ್ ಆಗಿ ಸೇರಿ ಅಲ್ಲಿಂದಲೇ ನಿವೃತ್ತರಾದರು. ರಜೆಯಲ್ಲಿ ಬುತ್ತಿ ಕೊಡಲು ಹೋದಾಗ ನಾನು ಕಂಡ ಒಂದು ಪದ್ಧತಿ ಈಗಲೂ ಮನಸ್ಸಿನಲ್ಲಿದೆ. ಅಪ್ಪ ಲೇತ್‌ನಿಂದ ಇಳಿಸಿದ ತುಂಡನ್ನು ಅಪ್ಪನೇ ಪಾಸ್ ಮಾಡುವಂತಿರಲಿಲ್ಲ. ಗೋಡೆಯ ಪಕ್ಕದ ಮೇಜಿನಲ್ಲಿ ಇನ್ನೊಬ್ಬರು ಮೈಕ್ರೋಮೀಟರ್ ಹಿಡಿದು ಕೂತಿರುತ್ತಿದ್ದರು. ಅವರು ಅಪ್ಪನಿಗಿಂತ ಚಿಕ್ಕವರು, ಅನುಭವವೂ ಕಡಿಮೆ. ಆದರೂ ಅವರು ಬೇಡವೆಂದರೆ ತುಂಡು ಕೆಂಪು ಡಬ್ಬಕ್ಕೆ. ಅಪ್ಪ ಎದುರಾಡಿದ್ದನ್ನು ನಾನು ನೋಡಿಲ್ಲ.

ಆ ಕೆಲಸದ ಸಂಬಳದಲ್ಲಿ ಮಗಳನ್ನು ಪೈಲಟ್ ಮಾಡುವುದು ಆಗುವ ಮಾತಲ್ಲ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಕನಿಷ್ಠ 200 ಗಂಟೆ ಹಾರಬೇಕು, ಒಂದೊಂದು ಗಂಟೆಗೂ ದುಡ್ಡು. ಆಮೇಲೆ ಇಂಥದೇ ವಿಮಾನ ಹಾರಿಸಲು ಟೈಪ್ ರೇಟಿಂಗ್, ಅದಕ್ಕೆ ಬೇರೆ ದುಡ್ಡು. ನೆಲಮಂಗಲದ ಹತ್ತಿರ ಇದ್ದ ಸೈಟು ಹೋಯಿತು, ಬ್ಯಾಂಕಿನ ಸಾಲ ಬಂತು. ಲೈಸೆನ್ಸ್ ಕೈಗೆ ಬಂದಾಗ ದೊಡ್ಡ ಸಂಸ್ಥೆಗಳು ಹೊಸಬರನ್ನು ತೆಗೆದುಕೊಳ್ಳುತ್ತಿರಲಿಲ್ಲ. ನನ್ನಂಥವರಿಗೆ ಚಾರ್ಟರ್ ಕಂಪನಿಯ ಬಲಗಡೆಯ ಸೀಟು ಸಿಗುವುದು ಹಾಗೆ. ಅನೇಕರು ಇದನ್ನು ಮೆಟ್ಟಿಲು ಎಂದುಕೊಂಡು ಬರುತ್ತಾರೆ. ನಾನೂ ಹಾಗೆಯೇ ಬಂದೆ. ಈಗ ಇದನ್ನೊಂದು ಪೂರ್ಣ ಕೆಲಸವೆಂದೇ ನೋಡುತ್ತೇನೆ.

ನಾಲ್ಕೂವರೆಗೆ ಹೊರಟರೆ ಹೊರವರ್ತುಲ ರಸ್ತೆ ಖಾಲಿ ಇರುತ್ತದೆ ಎಂದುಕೊಳ್ಳುವವರು ಆ ಹೊತ್ತಿಗೆ ಅಲ್ಲಿ ಹೋಗಿರುವುದಿಲ್ಲ. ಗೊರಗುಂಟೆಪಾಳ್ಯದಲ್ಲಿ ಊರಿಂದ ಬಂದ ಬಸ್ಸುಗಳು ಜನರನ್ನು ಇಳಿಸುತ್ತಿರುತ್ತವೆ. ಹೆಬ್ಬಾಳ ದಾಟಿ ನಾಗವಾರ, ಕೆ.ಆರ್. ಪುರದ ಕಡೆಗೆ ಬಂದರೆ ರಾತ್ರಿ ಪಾಳಿ ಮುಗಿಸಿದವರನ್ನು ಮನೆಗೆ ಬಿಡುವ ಕ್ಯಾಬುಗಳು, ಬೆಳಗಿನ ಪಾಳಿಯವರನ್ನು ಕರೆದೊಯ್ಯುವ ಕಾರ್ಖಾನೆ ಬಸ್ಸುಗಳು. ಬಸ್ಸಿನ ಕಿಟಕಿಗೆ ತಲೆ ಆನಿಸಿ ಮಲಗಿದವರನ್ನು ನೋಡುವಾಗ ಪ್ರತಿಸಲ ಒಂದೇ ಯೋಚನೆ ಬರುತ್ತದೆ. ಈ ಊರಿನ ಅಂಚಿನಲ್ಲಿ ದುಡಿಯುವವರ ಆಯಸ್ಸಿನ ಎಷ್ಟು ಪಾಲು ರಸ್ತೆಯ ಮೇಲೆ ಹೋಗುತ್ತಿದೆ. ನಮ್ಮ ವಿಮಾನ ಹತ್ತುವವರು ಕೊಳ್ಳುವುದು ಅದನ್ನೇ, ರಸ್ತೆಯಲ್ಲಿ ಹೋಗಬಹುದಾಗಿದ್ದ ಗಂಟೆಗಳನ್ನು.

ಎಚ್‌ಎಎಲ್ ನಿಲ್ದಾಣದ ಒಳಗೆ ಈಗ ಕಾಲಿಡುವ ಸಾಮಾನ್ಯ ಪ್ರಯಾಣಿಕರಿಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲದ ಮೈಸೂರು ಸಂಸ್ಥಾನ ಸೇರಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಅಂಗಳ ಇದು. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ತೆರೆದುಕೊಂಡಾಗ ಇಲ್ಲಿಂದ ಎಲ್ಲ ಟಿಕೆಟ್ ವಿಮಾನಗಳೂ ಎದ್ದು ಹೋದವು. ಹೊಸ ನಿಲ್ದಾಣದ ಒಪ್ಪಂದದಲ್ಲಿ 150 ಕಿ.ಮೀ. ಒಳಗೆ 25 ವರ್ಷ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣ ಬರಕೂಡದೆಂಬ ಷರತ್ತಿದೆ. ಹಾಗಾಗಿ 3,300 ಮೀಟರ್ ಉದ್ದದ ಈ ರನ್‌ವೇ ಮೇಲೆ ಈಗ ತೇಜಸ್ ಯುದ್ಧವಿಮಾನದ ಪರೀಕ್ಷಾರ್ಥ ಹಾರಾಟ, ಸೇನೆಯ ವಿಮಾನಗಳು, ಗಣ್ಯರ ವಿಮಾನಗಳು, ನಮ್ಮಂಥ ಚಾರ್ಟರ್‌ಗಳು ಮಾತ್ರ. ವೈಟ್‌ಫೀಲ್ಡಿನವರು ಈ ನಿಲ್ದಾಣ ಮತ್ತೆ ತೆರೆಯಲಿ ಎಂದು ಕೇಳುತ್ತಲೇ ಇದ್ದಾರೆ. ಮಾರತಹಳ್ಳಿಯ ಮಗ್ಗುಲಲ್ಲೇ ವಿಮಾನ ಹತ್ತುತ್ತಿದ್ದವರು ಇವತ್ತು ಎರಡು ಗಂಟೆ ಮೊದಲೇ ಮನೆ ಬಿಟ್ಟು ದೇವನಹಳ್ಳಿಗೆ ಹೋಗುವುದನ್ನು ದಿನವೂ ನೋಡುತ್ತೇನೆ. ಅವರ ಬೇಡಿಕೆ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಊರಿನ ಇಂಥದೊಂದು ರನ್‌ವೇ ಬಾಡಿಗೆ ಕೊಡಬಲ್ಲ ಕೆಲವರಿಗೆ ಮಾತ್ರ ಉಳಿದಿರುವುದು, ಅದರಿಂದಲೇ ನನ್ನ ಅನ್ನ ಹುಟ್ಟಿದರೂ, ಸರಿಯೆನಿಸುವುದಿಲ್ಲ.

ಹ್ಯಾಂಗರ್ ತಲುಪಿದ ಮೇಲೆ ನನ್ನ ಕೆಲಸ ಶುರು. ಮೊದಲು ಬ್ರೆತ್ ಅನಲೈಸರ್ ಊದಬೇಕು. ಆಮೇಲೆ ಕಾಗದ ಪತ್ರ. ಫ್ಲೈಟ್ ಪ್ಲಾನ್ ಹಾಕಿದರಷ್ಟೇ ಸಾಲದು, ವಾಯುಪಡೆಯ ಕಡೆಯಿಂದ ವಾಯು ರಕ್ಷಣಾ ಅನುಮತಿಯ ಎಡಿಸಿ ನಂಬರ್, ಚೆನ್ನೈಯ ಹಾರಾಟ ಮಾಹಿತಿ ಕೇಂದ್ರದಿಂದ ಎಫ್‌ಐಸಿ ನಂಬರ್ ಬರಬೇಕು. ಇವೆರಡೂ ಇಲ್ಲದೆ ಎಂಥ ಶ್ರೀಮಂತರ ವಿಮಾನವೂ ನೆಲ ಬಿಡುವುದಿಲ್ಲ. ಹೋಗುವ ಊರು, ಅಲ್ಲಿ ಇಳಿಯಲಾಗದಿದ್ದರೆ ಹೋಗಬೇಕಾದ ಇನ್ನೊಂದು ಊರು, ಎರಡರ ಹವಾಮಾನ ವರದಿ. ಯಾವ ರನ್‌ವೇ ಎಷ್ಟು ಹೊತ್ತು ಮುಚ್ಚಿರುತ್ತದೆ ಎಂಬ ನೋಟಾಮ್. ಇಂಧನ ಎಷ್ಟು, ಜನ ಎಷ್ಟು, ಸಾಮಾನು ಎಷ್ಟು, ಎಲ್ಲ ಸೇರಿ ತೂಕ ಎಷ್ಟು, ಆ ತೂಕ ಎಲ್ಲಿ ಕೂರುತ್ತದೆ.

ಇಷ್ಟಾದ ಮೇಲೆ ವಿಮಾನದ ಸುತ್ತ ಒಂದು ಸುತ್ತು. ಎಂಜಿನ್ನಿನ ಮುಚ್ಚಳ, ಪಿಟೋ ಕವರ್ ತೆಗೆಯುವುದು, ಟೈರು, ಪ್ರೊಪೆಲ್ಲರ್ ನೋಡುವುದು. ದೊಡ್ಡ ಸಂಸ್ಥೆಯಲ್ಲಾದರೆ ಉಳಿದದ್ದಕ್ಕೆಲ್ಲ ಬೇರೆ ಬೇರೆ ಜನ ಇದ್ದಾರೆ. ನಮ್ಮ ಕಿಂಗ್ ಏರ್‌ನಂಥ ಎಂಟು ಸೀಟಿನ ಟರ್ಬೊಪ್ರಾಪ್ ವಿಮಾನದಲ್ಲಿ ಗಗನಸಖಿ ಇಲ್ಲ, ಲೋಡರ್ ಇಲ್ಲ. ಸೀಟಿನ ಬೆಲ್ಟುಗಳನ್ನು ಒಪ್ಪವಾಗಿ ಮಡಿಸಿಡುವುದು, ದರ್ಶಿನಿಯಿಂದ ತರಿಸಿದ ಇಡ್ಲಿ ವಡೆಯ ಡಬ್ಬಗಳನ್ನು, ಕಾಫಿ ಫ್ಲಾಸ್ಕನ್ನು ಜೋಡಿಸುವುದು, ಆ ದಿನದ ಪತ್ರಿಕೆ ಇಡುವುದು, ಬಂದವರ ಬ್ಯಾಗು ಎತ್ತಿಟ್ಟು ಬಲೆ ಬಿಗಿಯುವುದು, ಬಾಗಿಲು ಮುಚ್ಚಿ ಚಿಲಕ ಕೂತಿದೆಯೇ ಎಂದು ಕಣ್ಣಿಟ್ಟು ನೋಡುವುದು, ತುರ್ತು ಬಾಗಿಲು ತೆರೆಯುವುದು ಹೇಗೆಂದು ಪ್ರಯಾಣಿಕರಿಗೆ ಹೇಳುವುದು, ಇವೆಲ್ಲ ಫಸ್ಟ್ ಆಫೀಸರ್ ಪಾಲು. ಬ್ಯಾಗು ಎತ್ತುವವಳೇ ಮುಂದೆ ಹೋಗಿ ಸೀಟಿನಲ್ಲಿ ಕೂತಾಗ ಕೆಲವರಿಗೆ ಗಾಬರಿಯಾಗುತ್ತದೆ. ನನಗೆ ಈ ಕೆಲಸಗಳಲ್ಲಿ ಯಾವುದೂ ಕೀಳೆನಿಸಿಲ್ಲ. ಬ್ಯಾಗನ್ನು ಕೈಯಲ್ಲಿ ಎತ್ತಿದವಳಿಗೆ ಅದರ ತೂಕ ಗೊತ್ತಿರುತ್ತದೆ, ಲೋಡ್ ಶೀಟಿನಲ್ಲಿ ಬರೆದ ಅಂಕಿ ನಿಜವೋ ಸುಳ್ಳೋ ಎಂಬುದೂ.

ಆ ದಿನ ಮಂಜು ಬಿದ್ದಿತ್ತು. ದೇವನಹಳ್ಳಿಯಷ್ಟು ದಟ್ಟವಲ್ಲ, ಆದರೂ ಬೆಳ್ಳಂದೂರು ಕೆರೆಯ ಕಡೆಯಿಂದ ಎದ್ದ ಬಿಳುಪು ರನ್‌ವೇ ತುದಿಯನ್ನು ನುಂಗಿತ್ತು. ಪ್ರಯಾಣಿಕರು ಗಡಿಯಾರ ನೋಡಿದರು. ಕ್ಯಾಪ್ಟನ್ ವಾಯುಪಡೆಯಿಂದ ನಿವೃತ್ತರಾದವರು, ಕೊಡಗಿನವರು, ಹೆಚ್ಚು ಮಾತಿಲ್ಲ. "ಬಿಸಿಲು ಬರಲಿ ಸಾರ್" ಎಂದಷ್ಟೇ ಹೇಳಿ ಕಾಫಿ ಕುಡಿಯತೊಡಗಿದರು. ಬಿಸಿಲು ಬಂತು, ಹೊರಟೆವು.

ಚಳಿಗಾಲದಲ್ಲಿ ಇಲ್ಲಿ ಗಾಳಿ ಮೂಡಣದಿಂದ ಬೀಸುವುದರಿಂದ ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿ ಏಳುತ್ತೇವೆ. ರನ್‌ವೇ ಮೇಲೆ ಓಡುವಾಗ ಕ್ಯಾಪ್ಟನ್ ಕಣ್ಣು ಹೊರಗೆ, ನನ್ನದು ಒಳಗೆ. ಏರ್‌ಸ್ಪೀಡ್ ಅಲೈವ್, ವಿ ಒನ್, ರೊಟೇಟ್, ಪಾಸಿಟಿವ್ ರೇಟ್, ಒಂದೊಂದನ್ನೂ ನಾನು ಬಾಯಿಬಿಟ್ಟು ಹೇಳಬೇಕು. ಚಕ್ರ ಒಳಗೆ ಹೋದ ಮೇಲೆ ಒಂದು ಕ್ಷಣ ಬಲಕ್ಕೆ ನೋಡುವ ಬಿಡುವು ಸಿಗುತ್ತದೆ. ವರ್ತೂರು ಕೆರೆ, ಅದರ ದಂಡೆಯವರೆಗೂ ಬಂದ ಅಪಾರ್ಟ್‌ಮೆಂಟುಗಳು, ತೂಬರಹಳ್ಳಿ, ಸಿದ್ಧಾಪುರದ ಇಕ್ಕಟ್ಟಾದ ರಸ್ತೆಗಳಲ್ಲಿ ಆಗಲೇ ಸಾಲುಗಟ್ಟಿದ ಕಾರುಗಳು. ಎಡಗಡೆಯ ಐಟಿಪಿಎಲ್ ಕಟ್ಟಡಗಳು ಕ್ಯಾಪ್ಟನ್ ಕಿಟಕಿಯವು. ಇನ್ನೂ ಮುಂದೆ 1882ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿ ಬದುಕಲೆಂದು ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ ಎದ್ದ ಹಳೆಯ ವೈಟ್‌ಫೀಲ್ಡ್. ಮೇಲಿಂದ ನೋಡಿದರೆ ಅದರ ಹಳೆಯ ವೃತ್ತಾಕಾರದ ಬಡಾವಣೆ ಯಾವುದು, ಹೊಸದು ಯಾವುದು ಎಂದು ಬಿಡಿಸಲು ಕಣ್ಣಿಗೆ ಶ್ರಮವಾಗುತ್ತದೆ.

ಆ ಎತ್ತರದಲ್ಲಿ ನಾನು ನಿಜವಾಗಿ ಹುಡುಕುವುದು ಹದ್ದುಗಳನ್ನು. ಬೆಂಗಳೂರಿನ ಕೆರೆ, ಕಸದ ರಾಶಿ, ಮಾಂಸದಂಗಡಿಗಳ ಮೇಲೆ ಸುತ್ತುವ ಹದ್ದುಗಳ ಭಯ ಪೈಲಟ್‌ಗಳಿಗೆಲ್ಲ ಇದೆ. ಯಲಹಂಕದ ಏರೋ ಇಂಡಿಯಾ ಪ್ರದರ್ಶನ ಬಂದಾಗಲೆಲ್ಲ ಸುತ್ತಮುತ್ತ ಮಾಂಸ ಮಾರಾಟ ನಿಲ್ಲಿಸುವುದು ಅದಕ್ಕಾಗಿಯೇ. 2023ರ ಮೇ 2ರಂದು, ವಿಧಾನಸಭಾ ಚುನಾವಣೆಯ ಬಿರುಸಿನಲ್ಲಿ, ಜಕ್ಕೂರಿನ ಸಣ್ಣ ವಿಮಾನ ನಿಲ್ದಾಣದಿಂದ ಮುಳಬಾಗಿಲಿಗೆ ಹೊರಟಿದ್ದ ಡಿ.ಕೆ. ಶಿವಕುಮಾರ್ ಅವರ ಹೆಲಿಕಾಪ್ಟರಿಗೆ ಹದ್ದು ಬಡಿದು ಮುಂದಿನ ಗಾಜು ಪುಡಿಯಾಯಿತು. ಪೈಲಟ್ ಅದನ್ನು ಎಚ್‌ಎಎಲ್‌ನಲ್ಲಿ ಸುರಕ್ಷಿತವಾಗಿ ಇಳಿಸಿದರು.

ಚುನಾವಣೆ ಎಂದರೆ ನಮ್ಮ ವ್ಯಾಪಾರದ ಸುಗ್ಗಿ. ಒಬ್ಬ ನಾಯಕರಿಗೆ ಒಂದೇ ದಿನ ನಾಲ್ಕು ಊರು, ನಾಲ್ಕು ಮೈದಾನ, ಪ್ರತಿಯೊಂದಕ್ಕೂ ತಡ. ಆ ದಿನಗಳಲ್ಲಿ ಹಾರುವಾಗ ನನ್ನ ನೆನಪಿಗೆ ಬರುವುದು ಸೌಂದರ್ಯ. ಮುಳಬಾಗಿಲು ಕಡೆಯ ಆ ನಟಿ 2004ರ ಏಪ್ರಿಲ್ 17ರಂದು ಚುನಾವಣಾ ಪ್ರಚಾರಕ್ಕೆ ಕರೀಂನಗರಕ್ಕೆ ಹೋಗಲು ಜಕ್ಕೂರಿನಲ್ಲಿ ಒಂದೇ ಎಂಜಿನ್ನಿನ ಸಣ್ಣ ಸೆಸ್ನಾ 180 ಹತ್ತಿದರು. ವಿಮಾನ ಎದ್ದ ಸ್ವಲ್ಪ ಹೊತ್ತಿಗೇ ಪಕ್ಕದ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬಿತ್ತು. ಅವರು, ಅವರ ಅಣ್ಣ, ಇನ್ನೊಬ್ಬರು, ಪೈಲಟ್, ನಾಲ್ವರೂ ಹೋದರು. ನಾನಾಗ ಶಾಲೆಯಲ್ಲಿದ್ದೆ. ಅಮ್ಮ ಟಿವಿ ಮುಂದೆ ಕೂತು ಅತ್ತದ್ದು ನೆನಪಿದೆ. ಬಾಡಿಗೆಯ ಸಣ್ಣ ವಿಮಾನ ಎಂದರೆ ನಮ್ಮ ಮನೆಯಲ್ಲಿ ಬಹಳ ಕಾಲ ಆ ದಿನವೇ. ನಾನು ಚಾರ್ಟರ್ ಕಂಪನಿಗೆ ಸೇರುತ್ತೇನೆಂದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, "ಎರಡು ಎಂಜಿನ್ ಇದೆಯೇನೇ?" ಎರಡು ಎಂಜಿನ್, ಇಬ್ಬರು ಪೈಲಟ್ ಎಂದು ಹೇಳಿದ ಮೇಲೆಯೇ ಒಪ್ಪಿದ್ದು.

ಜಕ್ಕೂರಿನ ಇನ್ನೊಂದು ಕತೆಯೂ ಇದೆ. ಸೇನೆ ಬಿಟ್ಟು ಬಂದು ಹಾಸನ ಜಿಲ್ಲೆಯಲ್ಲಿ ರೇಷ್ಮೆ ಬೆಳೆದ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 1997ರಲ್ಲಿ ಇಲ್ಲಿಂದಲೇ ಡೆಕ್ಕನ್ ಏವಿಯೇಷನ್ನಿನ ಹೆಲಿಕಾಪ್ಟರ್ ಬಾಡಿಗೆ ಆರಂಭಿಸಿದ್ದು. ಆ ಬಾಡಿಗೆ ಕಂಪನಿಯ ಬೆನ್ನಿಗೇ 2003ರಲ್ಲಿ ಏರ್ ಡೆಕ್ಕನ್ ಬಂತು, ಹುಬ್ಬಳ್ಳಿಯಂಥ ಊರಿಗೆ ಕಡಿಮೆ ದರದ ವಿಮಾನ ಬಂತು. ಸ್ವಂತಕ್ಕೆ ವಿಮಾನ ಬಾಡಿಗೆ ಹಿಡಿಯಬಲ್ಲವರಿಂದ ಟಿಕೆಟ್ ಕೊಳ್ಳಬಲ್ಲವರ ಕಡೆಗೆ ಒಬ್ಬ ಕನ್ನಡಿಗ ದಾರಿ ಮಾಡಿಕೊಟ್ಟದ್ದು ನನ್ನಂಥವಳಿಗೆ ದೊಡ್ಡ ಸಂಗತಿ. ಅಪ್ಪ ಜೀವನದಲ್ಲಿ ಮೊದಲ ಸಲ ವಿಮಾನ ಹತ್ತಿದ್ದು ಅದರಲ್ಲೇ.

ರಸ್ತೆಯಲ್ಲಿ ಐದಾರು ಗಂಟೆಯ ದಾರಿ ನಮಗೆ ಮುಕ್ಕಾಲು ಗಂಟೆ. ಬಯಲು ಮುಗಿದು ಸಂಡೂರಿನ ಕೆಂಪು ಗುಡ್ಡಗಳು ಕಂಡರೆ ವಿದ್ಯಾನಗರ ಬಂತೆಂದು. ಉಕ್ಕಿನ ಕಾರ್ಖಾನೆಯ ಪಕ್ಕದ ಸಣ್ಣ ನಿಲ್ದಾಣ. ಪ್ರಯಾಣಿಕರು ಕಾರು ಹತ್ತಿ ಹೋದರು. ಆಮೇಲೆ ಉಳಿದದ್ದು ಕಾಯುವುದು. ನಮ್ಮ ಕಸುಬಿನ ಬಹುಪಾಲು ಇದೇ, ಇದನ್ನು ಯಾರೂ ಕಲಿಸುವುದಿಲ್ಲ. ಅವರಿಗೆ ಉಳಿದ ಗಂಟೆಗಳೆಲ್ಲ ನಮ್ಮ ಲೆಕ್ಕಕ್ಕೆ ಬಂದು ಕೂರುತ್ತವೆ. ಬಿಸಿಲೇರುತ್ತದೆ, ವಿಮಾನದ ಒಳಗೆ ಕೂರಲಾಗದು, ರೆಕ್ಕೆಯ ನೆರಳು ಸರಿದ ಹಾಗೆ ನಾವೂ ಸರಿಯುತ್ತೇವೆ. ಕ್ಯಾಪ್ಟನ್ ಓದುತ್ತಾರೆ. ನಾನು ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಲೈಸೆನ್ಸ್, ಅಂದರೆ ಎಟಿಪಿಎಲ್ ಪರೀಕ್ಷೆಯ ಪುಸ್ತಕ ಬಿಡಿಸುತ್ತೇನೆ. ದೊಡ್ಡ ವಿಮಾನದಲ್ಲಿ ಕ್ಯಾಪ್ಟನ್ ಕೂರುವ ಎಡಗಡೆಯ ಸೀಟಿಗೆ ಹೋಗಲು ಆ ಲೈಸೆನ್ಸ್ ಬೇಕು, ಅದಕ್ಕೆ 1,500 ಗಂಟೆಯ ಹಾರಾಟ ಬೇಕು. ಚಾರ್ಟರ್‌ನಲ್ಲಿ ಲಾಗ್‌ಬುಕ್ ನಿಧಾನವಾಗಿ ತುಂಬುತ್ತದೆ, ದಿನವಿಡೀ ಡ್ಯೂಟಿಯಲ್ಲಿದ್ದರೂ ಬರೆಯುವುದು ಒಂದೂವರೆ ಗಂಟೆ. ಅದರ ನಡುವೆ ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆ. ಇಸಿಜಿಯ ಒಂದು ಗೆರೆ ಕೆಟ್ಟರೆ ಸೈಟು ಮಾರಿದ ದುಡ್ಡೂ ನೆಲಕ್ಕೆ. ಆ ಭಯವನ್ನು ಪೈಲಟ್‌ಗಳು ತಮ್ಮತಮ್ಮಲ್ಲೂ ಹೆಚ್ಚು ಮಾತಾಡುವುದಿಲ್ಲ.

ಸಂಜೆ ಪ್ರಯಾಣಿಕರು ಬಂದಾಗ ಹೊತ್ತಾಗಿತ್ತು. ಜೊತೆಗೆ ಒಂದು ಮರದ ಪೆಟ್ಟಿಗೆ. ಉಕ್ಕಿನ ಮಾದರಿ ತುಂಡುಗಳು, ನಾಳೆ ಬೆಳಿಗ್ಗೆಯೇ ಪೀಣ್ಯದ ಮೆಷಿನ್ನಿಗೆ ಹತ್ತಬೇಕಂತೆ. ಇಬ್ಬರು ಹಿಡಿದು ತಂದರೂ ಅವರ ಮುಖ ಕೆಂಪೇರಿತ್ತು. ಅವರ ಜೊತೆ ಬೆಳಿಗ್ಗೆ ಇಲ್ಲದ ಒಬ್ಬರು ಬೇರೆ. ನಮ್ಮ ವಿಮಾನ ಏಳಬಹುದಾದ ಗರಿಷ್ಠ ತೂಕ 5,670 ಕೆ.ಜಿ. ನಿಲ್ದಾಣದ ತಕ್ಕಡಿಯಲ್ಲಿ ಪೆಟ್ಟಿಗೆ ಇಡಿಸಿದೆ, ಲೆಕ್ಕ ಹಾಕಿದೆ. ಪೆಟ್ಟಿಗೆ ಬರಬೇಕಾದರೆ ಒಬ್ಬರು ಉಳಿಯಬೇಕು ಎಂದೆ.

"ಏನಮ್ಮಾ, ಒಂದು ಪೆಟ್ಟಿಗೆ ತಾನೆ? ಬೆಳಿಗ್ಗೆ ಇಷ್ಟು ಆರಾಮಾಗಿ ಬಂತಲ್ಲ ನಿಮ್ಮ ವಿಮಾನ" ಎಂದರು ಮಾಲೀಕರು. ಆಮೇಲೆ ಕ್ಯಾಪ್ಟನ್ ಕಡೆ ತಿರುಗಿ, "ನೀವು ಹೇಳಿ ಸಾರ್, ನೀವು ದೊಡ್ಡವರು."

ಕ್ಯಾಪ್ಟನ್ ನನ್ನ ಕೈಯಿಂದ ಲೋಡ್ ಶೀಟ್ ತೆಗೆದುಕೊಂಡು ಮೇಲಿನಿಂದ ಕೆಳಗೆ ಓದಿದರು. ವಾಪಸ್ ಕೊಟ್ಟರು. "ಲೆಕ್ಕ ಅವರು ಹಾಕಿದ್ದಾರೆ ಸಾರ್. ಸರಿ ಇದೆ" ಎಂದರು.

ಮಾಲೀಕರು ಸಿಟ್ಟಾದರು. ತೆತ್ತ ಬಾಡಿಗೆಯ ಮಾತು ಬಂತು, ಬೇರೆ ಕಂಪನಿಗಳ ಮಾತು ಬಂತು. ನನಗೆ ನಡುಕವಿರಲಿಲ್ಲ. ಅಪ್ಪನ ಷೆಡ್ಡಿನ ಗೋಡೆ ಪಕ್ಕದ ಮೇಜು ಕಣ್ಣ ಮುಂದಿತ್ತು. ನಾನು ಅವರಿಗೇ ಕೇಳಿದೆ: "ಸಾರ್, ನಿಮ್ಮ ಇನ್‌ಸ್ಪೆಕ್ಷನ್ ಟೇಬಲ್ಲಿನವರು ರಿಜೆಕ್ಟ್ ಅಂದ ತುಂಡನ್ನ ನೀವು ಗಿರಾಕಿಗೆ ಕಳಿಸ್ತೀರಾ?" ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ನಿಮಗೆ ಪೀಣ್ಯ ಹೆಂಗೆ ಗೊತ್ತು?" ಎಂದರು. ಅಪ್ಪನ ಷೆಡ್ಡಿನ ಹೆಸರು ಹೇಳಿದೆ. ಪೆಟ್ಟಿಗೆ ರಾತ್ರಿ ಲಾರಿಯಲ್ಲಿ ಹೊರಟಿತು.

ವಾಪಸ್ಸು ಪಶ್ಚಿಮದಿಂದ ಊರಿನ ಮೇಲೆ ಇಳಿಯುತ್ತ ಬಂದೆವು. ಎಚ್‌ಎಎಲ್ ರನ್‌ವೇಗೆ ಮೊದಲು ಎದುರಾಗುವುದು ಗಾಲ್ಫ್ ಮೈದಾನ. 1990ರ ಫೆಬ್ರುವರಿ 14ರಂದು ಮುಂಬೈನಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಎ320 ಇದೇ ದಿಕ್ಕಿನಿಂದ ಇಳಿಯುವಾಗ ರನ್‌ವೇ ತಲುಪದೆ ಅಲ್ಲಿ ಬಿದ್ದು 92 ಜನ ಸತ್ತರು. ಎಂಜಿನ್ ಐಡಲ್‌ನಲ್ಲೇ ಇದ್ದು ವೇಗ ಕುಗ್ಗುತ್ತಿದ್ದುದನ್ನು ಕಾಕ್‌ಪಿಟ್ಟಿನ ಇಬ್ಬರೂ ಸಕಾಲದಲ್ಲಿ ಗಮನಿಸಲಿಲ್ಲ ಎಂಬುದು ತನಿಖೆಯಲ್ಲಿ ಹೊರಬಂತು. ಆ ಮೈದಾನದ ದೀಪಗಳು ಕಂಡಾಗ ನಾನು ವೇಗದ ಮುಳ್ಳಿನಿಂದ ಕಣ್ಣು ತೆಗೆಯುವುದಿಲ್ಲ. ಐದು ನಾಟ್ ಕಡಿಮೆಯಾದರೂ ಬಾಯಿಬಿಟ್ಟು ಹೇಳುತ್ತೇನೆ. ಎಡಗಡೆ ಕೂತವರು ಎಷ್ಟು ಹಿರಿಯರಾದರೂ ಸರಿ.

ಮಾರನೆಯ ದಿನ ರಜೆ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ತಮ್ಮ ಟೆಸ್ಟಿಂಗ್ ಕೆಲಸದಲ್ಲಿದ್ದಾನೆ, ಅವನನ್ನು ನೋಡಲು ಮೆಟ್ರೋದಲ್ಲಿ ಹೊರಟೆ. ದಾಸರಹಳ್ಳಿಯಿಂದ ಹಸಿರು ಮಾರ್ಗ, ಆರ್.ವಿ. ರಸ್ತೆಯಲ್ಲಿ ಬದಲಿಸಿ 2025ರ ಆಗಸ್ಟಿನಲ್ಲಿ ತೆರೆದ ಹಳದಿ ಮಾರ್ಗ. ಸಿಲ್ಕ್ ಬೋರ್ಡಿನ ಮೇಲೆ ರೈಲು ಹಾದುಹೋಗುವಾಗ ಕೆಳಗೆ ನಿಂತ ವಾಹನಗಳನ್ನು ನೋಡಿ ಬೋಗಿಯಲ್ಲಿದ್ದವರ ಮುಖದಲ್ಲಿ ಮೂಡಿದ ನೆಮ್ಮದಿ ನಾನು ಯಾವ ಚಾರ್ಟರ್ ಪ್ರಯಾಣಿಕರಲ್ಲೂ ಕಂಡಿಲ್ಲ. 1970ರ ದಶಕದ ಕೊನೆಯಲ್ಲಿ ರಾಜ್ಯದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಾಗ ಇಷ್ಟು ದೂರ ಯಾರು ಬರುತ್ತಾರೆಂಬುದೇ ಪ್ರಶ್ನೆಯಾಗಿತ್ತು. ಬಂದವರು ಹೇಗೆ ಹೋಗುತ್ತಾರೆಂಬ ಪ್ರಶ್ನೆಗೆ ಉತ್ತರ ಸಿಗಲು ಇಷ್ಟು ದಶಕ ಬೇಕಾಯಿತು.

ನಡುವೆ ಇನ್ನೊಂದು ಉತ್ತರವೂ ಬಂದಿತ್ತು. 2018ರ ಮಾರ್ಚಿನಲ್ಲಿ ಥಂಬಿ ಏವಿಯೇಷನ್ ದೇವನಹಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೆಲಿಟ್ಯಾಕ್ಸಿ ಆರಂಭಿಸಿತು. ಬೆಲ್ 407 ಹೆಲಿಕಾಪ್ಟರ್, 15 ನಿಮಿಷ. 2022ರಲ್ಲಿ ಬ್ಲೇಡ್ ಇಂಡಿಯಾ ದೇವನಹಳ್ಳಿ ಮತ್ತು ಎಚ್‌ಎಎಲ್ ನಡುವೆ ಅಂಥದೇ ಸೇವೆ ತಂದಿತು. ನಮ್ಮ ವೃತ್ತಿಯವರಿಗೆಲ್ಲ ಆಗ ಬಹಳ ಆಸೆಯಿತ್ತು. ಜನರ ದಿನದ ಓಡಾಟವಾಗಿ ಅದು ಬೇರೂರಲಿಲ್ಲ. ಒಂದು ಸಲಕ್ಕೆ ನಾಲ್ಕೈದು ಜನರನ್ನು ಹೊತ್ತು ಈ ಊರಿನ ರಸ್ತೆಯ ಕಷ್ಟ ತೀರಿಸಲಾಗದೆಂಬುದು ಹಳದಿ ಮಾರ್ಗದ ಒಂದು ಬೋಗಿಯಲ್ಲಿ ನಿಂತರೆ ಗೊತ್ತಾಗುತ್ತದೆ. ಹಾಗಾದರೆ ನಾವು ಯಾಕೆ ಬೇಕು?

ತಮ್ಮನ ಜೊತೆ ಊಟ ಮುಗಿಸಿ ಬೊಮ್ಮಸಂದ್ರದವರೆಗೆ ಹೋದೆ. ಅಲ್ಲಿಯ ದೊಡ್ಡ ಆಸ್ಪತ್ರೆಗಳ ಸಾಲಿನ ಮುಂದೆ ನಿಂತಾಗ ಆ ಪ್ರಶ್ನೆಗೆ ನನ್ನ ಬಳಿ ಒಂದು ಉತ್ತರವಿತ್ತು. ಕರ್ನಾಟಕದಲ್ಲಿ ದಾನವಾಗಿ ಬಂದ ಅಂಗಗಳು ಯಾರಿಗೆ ಸೇರಬೇಕೆಂಬುದನ್ನು ಜೀವಸಾರ್ಥಕತೆ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ತೆಗೆದ ಹೃದಯವನ್ನು ಸುಮಾರು 4 ಗಂಟೆಯೊಳಗೆ ಇನ್ನೊಂದು ಎದೆಯಲ್ಲಿ ಕೂರಿಸಬೇಕು. ಯಕೃತ್ತಿಗೆ ಇನ್ನಷ್ಟು ಸಮಯವಿದೆ. 2025ರ ಆಗಸ್ಟ್ 1ರ ರಾತ್ರಿ ವೈಟ್‌ಫೀಲ್ಡಿನ ವೈದೇಹಿ ಆಸ್ಪತ್ರೆಯಿಂದ ರಾಜರಾಜೇಶ್ವರಿನಗರದ ಸ್ಪರ್ಶ್ ಆಸ್ಪತ್ರೆಗೆ ಒಂದು ಯಕೃತ್ತು ನಮ್ಮ ಮೆಟ್ರೋದಲ್ಲೇ ಹೋಯಿತು. ಊರೊಳಗಾದರೆ ರೈಲು ಸಾಕು. ಉತ್ತರ ಕರ್ನಾಟಕದಿಂದ ಬರಬೇಕಾದ ಹೃದಯಕ್ಕೆ ವಿಮಾನ ಬೇಕು.

ಅಂಥ ಒಂದು ಹಾರಾಟ ನನ್ನ ಪಾಲಿಗೂ ಬಂದಿತ್ತು. ಹುಬ್ಬಳ್ಳಿಯಲ್ಲಿ ವೈದ್ಯರ ತಂಡ ನೀಲಿ ಪೆಟ್ಟಿಗೆ ಹಿಡಿದು ಮೆಟ್ಟಿಲ ಬಳಿ ಬಂತು. ಬೇಗ ಹೋಗಿ ಎಂದು ಅವರಲ್ಲಿ ಒಬ್ಬರೂ ಹೇಳಲಿಲ್ಲ. ಪೆಟ್ಟಿಗೆಯ ತೂಕ ಕೇಳಿದೆ, ಗ್ರಾಂ ಲೆಕ್ಕದಲ್ಲಿ ಹೇಳಿದರು. ಸರ್ಜನ್ ಫೋನ್ ಕಿವಿಗಿಟ್ಟುಕೊಂಡೇ ಕೇಳಿದರು, "ಮೇಡಂ, ಬೆಂಗಳೂರಲ್ಲಿ ಬಾಗಿಲು ತೆಗೆಯೋ ಹೊತ್ತು ಹೇಳಿ. ಸುಮಾರು ಬೇಡ, ಸರಿಯಾದ್ದು ಹೇಳಿ." ಎದುರುಗಾಳಿ ಇತ್ತು, ಎಚ್‌ಎಎಲ್‌ನಲ್ಲಿ ಪರೀಕ್ಷಾ ವಿಮಾನವೊಂದು ಇಳಿಯಬೇಕಿತ್ತು. ಎಲ್ಲ ಸೇರಿಸಿ, ಅವರು ಬಯಸಿದ್ದಕ್ಕಿಂತ ಒಂಬತ್ತು ನಿಮಿಷ ತಡವಾಗುತ್ತದೆಂದು ಹೇಳಿದೆ. ಕ್ಯಾಪ್ಟನ್ ತಲೆಯಾಡಿಸಿದರು. ಸರ್ಜನ್ ಮುಖ ಗಂಟಿಕ್ಕಲಿಲ್ಲ. ಆ ಗಂಟೆ ನಿಮಿಷವನ್ನು ಫೋನಿನಲ್ಲಿ ಎರಡು ಸಲ ಹೇಳಿ, ಅಲ್ಲಿಯವರೆಗೆ ರೋಗಿಯ ಎದೆ ತೆರೆಯಬೇಡಿ ಎಂದು ಬೊಮ್ಮಸಂದ್ರದ ಥಿಯೇಟರಿನವರಿಗೆ ತಿಳಿಸಿ, ಒಳಗೆ ಬಂದು ಬೆಲ್ಟ್ ಹಾಕಿಕೊಂಡರು.